ಕೇಪಿನ ಕೋವಿ ಒಪ್ಪಿದ ಮದ್ದು

ಬಾಯಿಂದ ಮದ್ದು ತುಂಬುವ ಕೋವಿ ಒಂದೊಂದಕ್ಕೂ ಒಂದೊಂದು ಹಠ. ಮದ್ದು ಇಷ್ಟೇ ಬೇಕು, ಗುಂಡಿಗೆ ಸುತ್ತುವ ಬಟ್ಟೆ ಇಷ್ಟೇ ದಪ್ಪ ಇರಬೇಕು. ಆ ಅಳತೆ ಸಿಗುವವರೆಗೆ ಗುರಿ ಅನ್ನೋದು ಬರೀ ಅದೃಷ್ಟ. ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿದ್ದ, ಕೇಪು ಸಿಡಿದು ಮದ್ದು ಹೊತ್ತಿಸುವ ಕೇಪಿನ ಕೋವಿ ಹಳೇ ಕಾಲದ್ದರ ನಕಲು. ಅದನ್ನು ಹಿಡಿದವರೆಲ್ಲ ಬೈದು ವಾಪಸ್ ಇಟ್ಟಿದ್ದರು. ಕಡೆಗೆ ರೇಂಜ್ ಆಫೀಸರ್ ಹೇಳಿಬಿಟ್ಟರು: "ತಿಂಗಳ ಕೊನೇ ಭಾನುವಾರ ಐದು ಗುಂಡೂ ಗುರಿ ಕಾರ್ಡಿನ ಕಪ್ಪು ವೃತ್ತದೊಳಗೆ ಬೀಳಬೇಕು. ಇಲ್ಲಾಂದ್ರೆ ಇದು ಗೋಡೆಗೆ, ಶೋಕಿಗೆ."

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಲೇತ್ ಮುಂದೆ ನಿಂತವನು. ದುಡಿದೂ ದುಡಿದೂ ಈ ಪರದೇಶದಲ್ಲಿ, ಕಾಕಿ ಬುಕಿತ್‌ನ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆದವನು. ಒಂದು ಕಬ್ಬಿಣದ ತುಂಡು ನನ್ನ ಮಾತು ಕೇಳಲ್ಲ ಅಂದರೆ ನನಗೆ ಅನ್ನ ಇಳಿಯಲ್ಲ. "ಗೋಡೆಗೆ ಹೋಗಲ್ಲ ಬಿಡಿ ಸರ್" ಅಂದೆ.

ಮೊದಲು ಮದ್ದು ಏರಿಸಿ ನೋಡಿದೆ. ಗುಂಡುಗಳು ಇನ್ನೂ ಚೆಲ್ಲಾಪಿಲ್ಲಿಯಾದವು. ಹೊಡೆದ ಮೇಲೆ ಮುಂದೆ ಬಿದ್ದಿರುತ್ತಿದ್ದ ಬಟ್ಟೆ ಚೂರುಗಳನ್ನು ಆಯ್ದು ಜೇಬಿಗೆ ಹಾಕಿಕೊಂಡು ಬಂದೆ. ಪ್ಯಾಂಟು ಒಗೆಯಲು ತೆಗೆದ ನನ್ನ ಹೆಂಡತಿ, "ಏನ್ರೀ ಇದು, ಸುಟ್ಟ ಚಿಂದಿ?" ಅಂದಳು.

"ಚಿಂದಿ ಅಲ್ಲ ಕಣೇ, ಕೋವಿಯ ರಿಪೋರ್ಟು."

"ಹಾಗಾದ್ರೆ ಫೇಲ್ ಆಗಿದೆ" ಎಂದು ಬೆರಳು ತೂರುವಷ್ಟು ತೂತಾಗಿದ್ದ ಒಂದು ಚೂರನ್ನು ಎತ್ತಿ ತೋರಿಸಿದಳು.

ಅವಳು ತಮಾಷೆಗೆ ಅಂದದ್ದು ನಿಜವೇ ಆಗಿತ್ತು. ಬಟ್ಟೆ ತೆಳ್ಳಗಿದ್ದು ನಳಿಗೆಯೊಳಗೇ ಉರಿದುಹೋಗುತ್ತಿತ್ತು. ನನ್ನ ಹಳೇ ವರ್ಕ್‌ಶಾಪ್ ಅಂಗಿಯ ದಪ್ಪ ಬಟ್ಟೆ ಕತ್ತರಿಸಿದೆ, ಮದ್ದನ್ನೂ ಇಳಿಸುತ್ತಾ ಬಂದೆ. ಒಂದು ಭಾನುವಾರ ಚೂರುಗಳು ಅಂಚು ಕೂಡ ಬಿಚ್ಚದೆ ಬಿದ್ದವು. ಗುಂಡುಗಳು ಒಂದರ ಪಕ್ಕ ಒಂದು ಕೂತವು.

ಕೊನೇ ಭಾನುವಾರ ಬೆಳಗ್ಗೆ ನಾಲ್ಕು ಗುಂಡು ಕಪ್ಪಿನೊಳಗೆ ಹೋದವು. ಐದನೆಯದಕ್ಕೆ ಮದ್ದು ಅಳೆಯುತ್ತಿದ್ದೆ. ಆಗ ಬಂದರು ಅಂಕಲ್. ಮೈಸೂರಿನವರು, ಬ್ಯಾಂಕಿನಿಂದ ರಿಟೈರ್ ಆಗಿ ಪಾಸಿರ್ ರಿಸ್‌ನಲ್ಲಿ ಮಗಳ ಮನೆಯಲ್ಲಿದ್ದರು. ನನ್ನನ್ನು ಈ ಕ್ಲಬ್ಬಿಗೆ ಸೇರಿಸಿದ್ದೇ ಅವರು.

"ತಿಂಡಿ ಆಯ್ತೇನಪ್ಪಾ?"

ಆ ಪ್ರಶ್ನೆಗೆ ಉತ್ತರ ಕೊಡದೆ ಇರುವ ಕನ್ನಡದವರನ್ನು ನಾನು ಕಂಡಿಲ್ಲ.

"ಆಯ್ತು ಅಂಕಲ್. ನಿಮ್ದು?"

"ನಿಮ್ಮ ಆಂಟಿ ಇಡ್ಲಿ ಮಾಡಿದ್ಲು. ಒಂದೆರಡು ತಂದಿದ್ರೆ ನಿನ್ನ ಕೋವಿಗೆ ಗುಂಡಾಗ್ತಿತ್ತು!"

ನಕ್ಕೆ. ತಿರುಗಿ ಮದ್ದು ಸುರಿದೆ, ಬಟ್ಟೆ ಇಟ್ಟೆ, ಗುಂಡು ಇಟ್ಟೆ, ಗಜ ಅನ್ನೋ ಉದ್ದ ಕೋಲಿನಿಂದ ತಳದವರೆಗೆ ಜಡಿದೆ. ಗಜಕ್ಕೆ ಒಂದು ಕೆಂಪು ಟೇಪು ಸುತ್ತಿತ್ತು. ಸರಿಯಾಗಿ ತುಂಬಿದ್ದರೆ ಅದು ನಳಿಗೆಯ ಬಾಯಿಗೆ ಸಮ ನಿಲ್ಲಬೇಕು. ಸುತ್ತಿಸಿದ್ದು ಆಫೀಸರ್. ನನ್ನಂಥ ಕೈಗೆ ಇದೆಲ್ಲ ಯಾಕೆ ಎಂದು ಒಳಗೊಳಗೇ ಉರಿದುಕೊಂಡಿದ್ದೆ.

ಟೇಪು ಬಾಯಿಂದ ಎರಡು ಬೆರಳು ಮೇಲೆ ನಿಂತಿತ್ತು.

ಇನ್ನೊಮ್ಮೆ ಒತ್ತಿದೆ. ಇಳಿಯಲಿಲ್ಲ. ಅಂಕಲ್ ಜೊತೆ ಮಾತಿಗೆ ಮೊದಲೂ ಸುರಿದಿದ್ದೇನೆ, ಆಮೇಲೂ ಸುರಿದಿದ್ದೇನೆ. ಒಳಗೆ ಇರೋದು ಎರಡರಷ್ಟು ಮದ್ದು.

ಆಫೀಸರ್ ಆ ತುದಿಯಲ್ಲಿದ್ದರು. ಟೇಪು ಕಂಡದ್ದು ನನಗೊಬ್ಬನಿಗೇ. ನಳಿಗೆ ದಪ್ಪಗಿದೆ, ತಡೆಯುತ್ತೆ ಅಂತು ಒಂದು ಮನಸ್ಸು. ಹೊಡೆಯದಿದ್ದರೆ ಕೋವಿ ಗೋಡೆಗೆ. ಹೊಡೆದು ನಳಿಗೆ ಸಿಡಿದರೆ ನನ್ನ ಕಣ್ಣು, ನನ್ನ ಕೈ, ಹಿಂದೆ ನಿಂತ ಮುದುಕ.

"ಯಾಕಪ್ಪಾ ನಿಂತ್ಬಿಟ್ಟೆ? ಹೊಡಿ, ಹೊಡಿ!"

ಕೈ ಎತ್ತಿದೆ. "ಸರ್, ಮದ್ದು ಎರಡು ಸಲ ಬಿದ್ದಿದೆ. ಹೊಡೆಯಲ್ಲ."

ಇಡೀ ರೇಂಜ್ ನಿಂತಿತು. ಎಲ್ಲರೂ ನೋಡುತ್ತಿದ್ದಂತೆ ಆಫೀಸರ್ ಬಂದು, ಗಜದ ತುದಿಗೆ ಸ್ಕ್ರೂ ಹಾಕಿ ಗುಂಡು ಎಳೆದು, ಮದ್ದು ಹೊರಗೆ ಸುರಿದರು. ಅಷ್ಟರಲ್ಲಿ ನಮ್ಮ ಟೈಮ್ ಮುಗಿದಿತ್ತು.

"ನಾಲ್ಕು ಅಂದ್ರೆ ಐದಲ್ಲ" ಅಂದರು. ಆಮೇಲೆ ಕೆಂಪು ಟೇಪನ್ನು ಬೆರಳಿನಿಂದ ತಟ್ಟಿದರು. "ಉಳಿದ ಒಂದನ್ನು ಮುಂದಿನ ವಾರ ಹೊಡಿ. ಆದ್ರೆ ಈ ಅಂಕಲ್ ಹೊರಗೆ ಕೂರ್ಬೇಕು ಲಾ" ಎಂದು ಇಲ್ಲಿನ ಮಾತಿನ ಧಾಟಿಯಲ್ಲಿ ಎಳೆದರು.

ಮುಂದಿನ ಭಾನುವಾರ ಅಂಕಲ್ ಗಾಜಿನ ಆಚೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತಿದ್ದರು. ಟೇಪು ಬಾಯಿಗೆ ಸಮ ನಿಂತಿತು. ಹೊಡೆದೆ. ಹೊಗೆ ಚದುರಲು ಯಾವತ್ತೂ ಅಷ್ಟು ಹೊತ್ತು ಹಿಡಿದಿರಲಿಲ್ಲ. ತೂತು ಕಪ್ಪಿನ ಕೆಳ ಅಂಚಿಗೆ ಬಿದ್ದಿತ್ತು. ಆಫೀಸರ್ ಕಾರ್ಡನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು.

"ಒಳಗೆ" ಅಂದರು. ಕೋವಿಯನ್ನು ಗೋಡೆಗಲ್ಲ, ಬಳಸುವ ಕೋವಿಗಳ ಬೀರುವಿಗೆ ಒಯ್ದರು.

ಗಾಜಿನ ಕಡೆ ತಿರುಗಿದೆ. ಅಂಕಲ್ ತುಟಿ ಆಡುತ್ತಿತ್ತು, ಸದ್ದು ಕೇಳಿಸಲಿಲ್ಲ. ಏನು ಕೇಳುತ್ತಿದ್ದಾರೆ ಅನ್ನೋದು ಗೊತ್ತಿತ್ತು.

"ಇಲ್ಲ ಅಂಕಲ್," ಕೂಗಿ ಹೇಳಿದೆ, "ಇವತ್ತು ತಿಂಡಿ ಇನ್ನೂ ಆಗಿಲ್ಲ!"