ಬೆಳಿಗ್ಗೆಯೂ ಬೆಚ್ಚಗಿದ್ದ ಪೆಟ್ಟಿಗೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಕನ್ನಡಕ ಒರೆಸಿ, ಎದ್ದುಬಿಟ್ಟಿದ್ದೇನೆ. ಹೈಸ್ಕೂಲು ಓದಿದವನಿಗೆ ಕಂಪ್ಯೂಟರಿನ ವಿಷಯ ಬರೆಯಲು ಬರುವುದಿಲ್ಲ ಎಂಬುದು ನೆಪ. ಅಡ್ಡಬಂದದ್ದು ನಾಚಿಕೆ.

ಗುಂಡ್ಲುಪೇಟೆಯಲ್ಲಿ ನಮ್ಮದು ರೈತರಿಂದ ಚೆಂಡುಹೂವು ತೂಗಿ ಕೊಳ್ಳುವ ಮಂಡಿ. ಅಕ್ಕನ ಮಗಳನ್ನೇ ಸೊಸೆಯಾಗಿ ತಂದುಕೊಂಡೆ. ಚಾಮರಾಜನಗರದಲ್ಲಿ ಬಿಸಿಎ ಓದಿದವಳು. ತೂಕದ ಚೀಟಿ ಬರೆಯುವಾಗ ನನ್ನ ಕೈ ನಡುಗುವುದನ್ನು ಕಂಡು, ಯಾರೂ ಕೇಳದೆಯೇ ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟಳು. ಅದರಲ್ಲಿ ಎರಡು ಫೈಲು. ಒಂದು ತೂಕ ಹಿಡಿದು ಚೀಟಿ ಅಚ್ಚು ಹಾಕುತ್ತದೆ. ಹೂವು ಒದ್ದೆಯಿದ್ದರೆ ತೂಕದಲ್ಲಿ ಎಷ್ಟು ಕಳೆಯಬೇಕೆಂಬ ಲೆಕ್ಕ ಮಾತ್ರ ಇನ್ನೊಂದರಲ್ಲಿ. ಮೊದಲನೆಯದು ಶುರುವಾಗುವಾಗ ಎರಡನೆಯದನ್ನು ಕರೆದು ಓದಿಕೊಳ್ಳುತ್ತದೆ. ಅದಕ್ಕೆ ಇಂಪೋರ್ಟ್ ಎನ್ನುತ್ತಾರಂತೆ.

ಮಳೆ ನಿಂತು ಹೂವು ಒಣಗಿ ಬರತೊಡಗಿದಾಗ, ಕಳೆಯುವುದನ್ನು ತಗ್ಗಿಸಲು ಅವಳು ಎರಡನೆಯ ಫೈಲು ತಿದ್ದಿದಳು. ರೈತರ ಸಾಲು ನಿಂತಿತ್ತು, ಪ್ರೋಗ್ರಾಂ ನಿಲ್ಲಿಸಲು ನಾನು ಬಿಡಲಿಲ್ಲ.

“ಸಂಜೆ ಆಫ್ ಮಾಡ್ಬುಡಿ ಮಾವ, ಬೆಳಿಗ್ಗೆ ಸರಿಯಾಯ್ತದೆ.”

ಬೆಳಿಗ್ಗೆಯೂ ಹಳೆಯ ಲೆಕ್ಕವೇ ಬಂತು.

“ಆಫ್ ಮಾಡಿದ್ರಾ?”

“ಮಾಡ್ದೆ ಕಣಮ್ಮಿ.”

ಹಳೆಯ ಪ್ರತಿ ಬೇರೆಲ್ಲಾದರೂ ಉಳಿದಿದೆಯೇ ಎಂದು ಹುಡುಕಿದಳು. ಫೈಲನ್ನು ಓದಿದ ಕೂಡಲೇ ‘ಬಂದೆ’ ಎಂದು ತೋರಿಸುವ ಒಂದು ಸಾಲು ಸೇರಿಸಿದಳು. ಮರುದಿನ ಪರದೆಯ ಮೇಲೆ ಆ ‘ಬಂದೆ’ಯೂ ಕಾಣಿಸಲಿಲ್ಲ. ತೆರಕಣಾಂಬಿಯ ರೈತನೊಬ್ಬ ಚೀಟಿ ಹಿಡಿದು ನಕ್ಕ: “ಯಜಮಾನ್ರೆ, ನಿಮ್ ಮಿಷಿನ್‌ಗೆ ಇನ್ನೂ ಮಳೆ ನಿಂತಿಲ್ವಾ?”

ನನಗೆ ಮೈಯೆಲ್ಲ ಉರಿಯಿತು. “ಓದ್ಸಿದ್ದೇ ದಂಡ ಕಣ್ಲಾ, ಒಂದು ಚೀಟಿ ನೆಟ್ಟಗೆ ಮಾಡಕ್ಕಾಗ್ನಿಲ್ಲ ಇವ್ಳಿಗೆ” ಎಂದುಬಿಟ್ಟೆ, ಎಲ್ಲರೆದುರು.

ಅವಳು ಸ್ವಲ್ಪ ಹೊತ್ತು ಪರದೆ ನೋಡಿದಳು. ಆಮೇಲೆ ಬಗ್ಗಿ, ಮೇಜಿನ ಕೆಳಗಿನ ಕಂಪ್ಯೂಟರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು, ಮಗುವಿನ ಜ್ವರ ನೋಡುವ ಹಾಗೆ.

“ಮಾವ, ಇದು ಬೆಚ್ಚಗದೆ. ಈಗ ತಾನೆ ಆನ್ ಮಾಡಿದ್ದಲ್ವಾ?”

ನಮ್ಮ ಅಪ್ಪನ ಕಾಲದಿಂದ ಅಂಗಡಿಯ ದೀಪವನ್ನು ಕೈಯಾರೆ ಆರಿಸುವ ಪದ್ಧತಿಯಿಲ್ಲ. ಅದು ತಾನಾಗಿಯೇ ಶಾಂತವಾಗಬೇಕು. ಆಯುಧಪೂಜೆಯಲ್ಲಿ ವಿಭೂತಿ ಹಚ್ಚಿಸಿಕೊಂಡ ಪೆಟ್ಟಿಗೆಯಲ್ಲೂ ಒಂದು ಪುಟ್ಟ ದೀಪ ಉರಿಯುತ್ತಿತ್ತು. ನಾನು ಪರದೆಯನ್ನಷ್ಟೇ ಆರಿಸಿ, ಬಟ್ಟೆ ಹೊದಿಸಿ, ಕೈಮುಗಿದು ಬರುತ್ತಿದ್ದೆ; ನನ್ನ ಪಾಲಿಗೆ ಅದೇ ಆಫ್. ಕರೆಂಟು ಹೋದರೂ ಬ್ಯಾಟರಿ ಕಾಯುತ್ತಿತ್ತು. ಪ್ರೋಗ್ರಾಂ ನಿಲ್ಲುತ್ತಲೇ ಇರಲಿಲ್ಲ. ಒಮ್ಮೆ ಓದಿಕೊಂಡದ್ದನ್ನು, ನಿಲ್ಲಿಸುವವರೆಗೆ ಅದು ಮತ್ತೆ ತಿರುಗಿ ನೋಡುವುದಿಲ್ಲವಂತೆ. ಅವಳು ಎಷ್ಟು ತಿದ್ದಿದರೇನು?

ನಿಲ್ಲಿಸಿ, ಹೊಸದಾಗಿ ಶುರುಮಾಡಿದಳು. ‘ಬಂದೆ’ ಎಂದಿತು. ಚೀಟಿ ಸರಿಯಾಗಿ ಬಂತು.

“ಏನಾಗಿತ್ತವ್ವ?” ಎಂದ ರೈತ.

“ನಂದೇ ತಪ್ಪು ಕಣಣ್ಣ. ಮೊದ್ಲೇ ನೋಡ್ಕಬೇಕಿತ್ತು.”

ನಾನು ಅಲ್ಲೇ ಇದ್ದೆ. ತಕ್ಕಡಿ ಒರೆಸುತ್ತಿದ್ದೆ.

ಈಗ ಸಂಜೆ ಅವಳೇ ಬಂದು ಆಫ್ ಮಾಡುತ್ತಾಳೆ, ನನ್ನ ಬಟ್ಟೆಯನ್ನೇ ಹೊದಿಸುತ್ತಾಳೆ. “ಅದೂ ಒಸಿ ಮನಿಕ್ಕಳ್ಳಿ ಬುಡಿ ಮಾವ” ಎಂದು ನಗಿಸುತ್ತಾಳೆ. ರೈತರಿಗೆ ಆಮೇಲೆ ಒಬ್ಬೊಬ್ಬರಿಗೂ ನಿಜ ಹೇಳಿದೆ, ಹೆಚ್ಚಾಗಿ ಕಳೆದಿದ್ದ ತೂಕವನ್ನು ಮುಂದಿನ ಚೀಟಿಗೆ ಸೇರಿಸಿಕೊಟ್ಟೆ. ತಪ್ಪಾಯ್ತು ಎಂಬ ಮಾತು ಇನ್ನೂ ಬಾಯಿಗೆ ಬಾರದಿರುವುದು ಒಬ್ಬಳ ಮುಂದೆ ಮಾತ್ರ. ಉಡಿಗಾಲಕ್ಕೆ ಹೋಗುವ ಬಸ್ಸು ತಪ್ಪೀತೆಂದು, ಅವಳು ಚಿಕ್ಕವಳಿದ್ದಾಗ ಹೆಗಲ ಮೇಲೆ ಹೊತ್ತು ಓಡಿದ್ದೆನಲ್ಲ, ಆ ನನ್ನ ಅಕ್ಕನ ಮಗಳ ಮುಂದೆ.