ನೆರೆಗಲ್ಲು ಇಟ್ಟ ಮೇಸ್ತ್ರಿ

ನಮ್ಮೂರಿನ ನೆರೆಗಲ್ಲನ್ನು ನೋಡಲು ಬಂದ ಹದಿನಾಲ್ಕು ಮಂದಿ ಕಾಲೇಜು ವಿದ್ಯಾರ್ಥಿಗಳ ಎದುರು ನಿಂತು, ಈ ಗೋಡೆಯನ್ನು ಮುಟ್ಟಿದರೆ ಇತಿಹಾಸವನ್ನೇ ಮುಟ್ಟಿದಂತೆ ಎಂದು ಹೇಳಿ, ಹೇಳಿದ್ದು ಸಾಲದೆಂದು ಮುಟ್ಟಿಯೂ ತೋರಿಸಿದೆ. ಇತಿಹಾಸವೇನೋ ಅಲ್ಲಿತ್ತು, ಆದರೆ ಅದರ ಮೇಲೆ ಅರ್ಧ ಗಂಟೆ ಹಿಂದಷ್ಟೇ ಗಾರೆ ಮೆತ್ತಿದ್ದರು. ಐದೂ ಬೆರಳು ಒಳಗೆ ಹೋದವು. ಹದಿನಾಲ್ಕು ಮಂದಿಯೂ ನಕ್ಕರು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕರಣೆ ತೊಳೆಯುತ್ತಿದ್ದ ಮೇಸ್ತ್ರಿ ಮಾತ್ರ ನಗಲಿಲ್ಲ.

"ನಿಧಾನಕ್ಕೆ ತೆಗೀರಿ ಸ್ವಾಮಿ," ಎಂದರು. "ಹೋಗಿರೋದು ಕೈ ಒಂದೇ. ಬರೋವಾಗ ಗೋಡೇನೂ ಜೊತೆಗೆ ಬರೋದು ಬೇಡ."

ನಾನು ಗ್ರಂಥಾಲಯದ ಗುಮಾಸ್ತ. ಗ್ರಂಥಾಲಯಕ್ಕೆ ಐವತ್ತು ತುಂಬಿದಾಗ ಊರಿನ ಚರಿತ್ರೆಯ ಮೇಲೆ ಒಂದು ಪುಸ್ತಕ ಬೇಕೆಂದು ಎಲ್ಲರಿಗೂ ಅನಿಸಿತು, ಬರೆಯಬೇಕೆಂದು ಯಾರಿಗೂ ಅನಿಸಲಿಲ್ಲ. ಹಾಗಾಗಿ ನಾನು ಇತಿಹಾಸಕಾರನಾದೆ. ನಲವತ್ತೆಂಟು ಪುಟದ ಆ ಪುಸ್ತಕದಲ್ಲಿ ಹೊಳೆ, ಮೆಟ್ಟಿಲು, ಸಂತೆ, ಸೇತುವೆ ಎಲ್ಲವೂ ಇವೆ. ಮೇಸ್ತ್ರಿ ಇಲ್ಲ. ಮೆಟ್ಟಿಲ ಕಲ್ಲು ಕೂರಿಸಿದವರು, ಸಂತೆಕಟ್ಟೆ ಕಟ್ಟಿದವರು, ನಾನು ಕೂತು ಬರೆದ ಕೋಣೆಗೆ ಸುಣ್ಣ ಬಳಿದವರೂ ಅವರೇ ಎಂಬುದು ಪುಸ್ತಕ ಅಚ್ಚಾದ ಮೇಲೆ ನನಗೆ ತಿಳಿಯಿತು.

ಹತ್ತನೇ ವಯಸ್ಸಿಗೆ ಅಪ್ಪನ ಹಿಂದೆ ಗಾರೆ ಬಾಂಡಲಿ ಹೊತ್ತು ಈ ಊರಿಗೆ ಬಂದವರು ಅವರು. ಈಗ ಅರವತ್ತೈದು ದಾಟಿದೆ. ಶಾಲೆಗೆ ಹೋದದ್ದು ಅದರ ಹಿಂದಿನ ಗೋಡೆ ಕಟ್ಟಲು. ಅವರ ಮಾತು ಕಮ್ಮಿ, ಮಟ್ಟ ಮಾತ್ರ ನಿಖರ. ಎರಡು ಗೋಡೆ ದೂರದೂರದಲ್ಲಿದ್ದರೆ ಒಂದು ಉದ್ದನೆಯ ಪಾರದರ್ಶಕ ಪೈಪಿಗೆ ನೀರು ತುಂಬಿ, ಒಂದು ತುದಿಯನ್ನು ಇಲ್ಲಿ, ಇನ್ನೊಂದನ್ನು ಅಲ್ಲಿ ಹಿಡಿಸಿ, ನೀರು ನಿಂತಲ್ಲಿ ಸೀಮೆಸುಣ್ಣದ ಗೀಟು ಎಳೆಯುತ್ತಾರೆ. ಮೇಸ್ತ್ರಿ ಗೀಟು ಹಾಕಿದ ಮೇಲೆ ಇನ್ನೊಬ್ಬರು ಅಳೆದು ನೋಡುವುದು ನಮ್ಮೂರಲ್ಲಿ ಅವಮರ್ಯಾದೆ. ಅವರ ಆಸ್ತಿಯೆಂದರೆ ಆ ಪೈಪು ಮತ್ತು ಈ ಹೆಸರು.

ಇನ್ನು ನೆರೆಗಲ್ಲು. ನಲವತ್ತು ವರ್ಷದ ಹಿಂದೆ ಹೊಳೆ ಬೀದಿಗೆ ನುಗ್ಗಿತ್ತು. ನೀರು ಇಳಿದ ಮೇಲೆ ಊರವರು ಒಂದು ಕಲ್ಲಿನ ಮೇಲೆ ಗೆರೆ ಕೆತ್ತಿಸಿ, 'ನೀರು ಇಲ್ಲಿಯವರೆಗೆ ಬಂದಿತ್ತು' ಎಂದು ಬರೆಸಿ, ಹೊಳೆಮೆಟ್ಟಿಲ ಬಳಿಯ ಗೋಡೆಯಲ್ಲಿ ಕೂರಿಸಿದರು. ಗೆರೆ ಬೀದಿಯಿಂದ ಏಳಡಿ ಎತ್ತರದಲ್ಲಿದೆ. ಏಳಡಿ ನೀರು ಕುಡಿದೂ ಬದುಕಿದ ಊರು ಎಂದು ನಮಗೆ ಬಲು ಜಂಬ. ನಾನಂತೂ ಹನ್ನೆರಡನೇ ಪುಟದಲ್ಲಿ ಆ ನೆರೆಯನ್ನು ಕಣ್ಣಾರೆ ಕಂಡವನ ಹಾಗೆ ವರ್ಣಿಸಿದ್ದೇನೆ. ಆ ವರ್ಷ ನಾನು ಅಜ್ಜಿ ಮನೆಯಲ್ಲಿ ದಡಾರ ಬಂದು ಮಲಗಿದ್ದೆ.

ಕಳೆದ ವರ್ಷ ತಾಲ್ಲೂಕು ಕಚೇರಿಯಿಂದ ನೋಟಿಸು ಬಂತು. ನೆರೆಗಲ್ಲಿನ ಗೆರೆಗಿಂತ ತಗ್ಗಿನಲ್ಲಿ ನೆಲವಿರುವ ಮನೆಗಳು ಅಪಾಯದಲ್ಲಿವೆ, ತೆರವು ಮಾಡಬೇಕು ಎಂದು. ಹೊಳೆಬೀದಿಯಲ್ಲಿ ಅಂಗಡಿ, ಉಗ್ರಾಣ ಬಿಟ್ಟರೆ ವಾಸದ ಮನೆಗಳಿಲ್ಲ. ಹೊಡೆತ ಬಿದ್ದದ್ದು ಅದರ ಪಕ್ಕದ ದಿಬ್ಬದ ಓಣಿಗೆ. ನೆರೆ ಬಂದಾಗ ಅಲ್ಲಿ ಮನೆಯೇ ಇರಲಿಲ್ಲ, ಬರೀ ಹುಲ್ಲು. ಈಗ ಇಪ್ಪತ್ತೆರಡು ಮನೆ. ಕೊನೆಯದು ಮೇಸ್ತ್ರಿಯ ಮಗಳದು, ಅಪ್ಪನೇ ಕಟ್ಟಿಕೊಟ್ಟದ್ದು. ಅದರ ನೆಲ ಗೆರೆಗಿಂತ ಒಂದು ಗೇಣು ತಗ್ಗು.

ಮಗಳು ಬೆಳಿಗ್ಗೆ ಬೆಳಿಗ್ಗೆಯೇ ಗ್ರಂಥಾಲಯಕ್ಕೆ ಬಂದಳು. ಕೂರಲಿಲ್ಲ. ನೋಟಿಸನ್ನು ಮೇಜಿನ ಮೇಲೆ ಹರಡಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಆಧಾರ: ಊರಿನ ಚರಿತ್ರೆ, ಪುಟ ಹನ್ನೆರಡು.

"ನಿಮ್ಮ ಪುಸ್ತಕ ಯಾರೂ ಓದಲ್ಲ ಅಂತ ಕೊರಗ್ತಿದ್ರಲ್ಲ ಅಣ್ಣಾ," ಎಂದಳು. "ನೋಡಿ, ಒಬ್ಬರು ಓದಿದ್ದಾರೆ."

ನಾನು ನೀರು ಕುಡಿದೆ. ಕಲ್ಲು ಹೇಳಿದ್ದನ್ನೇ ಬರೆದಿದ್ದೇನಮ್ಮಾ ಎಂದೆ. ಎರಡು ಮಕ್ಕಳು, ಹೊಲಿಗೆ ಮಿಷನ್ನು, ಗಿರಾಕಿಗಳು ಎಲ್ಲ ಆ ಮನೆಯಲ್ಲೇ ಇರುವುದು, ಕಲ್ಲಿನ ಮಾತು ಕೇಳಿ ಅವರನ್ನೆಲ್ಲ ಎಲ್ಲಿಗೆ ಹೊತ್ತುಕೊಂಡು ಹೋಗಲಿ ಎಂದು ಕೇಳಿದಳು.

ಮರುದಿನ ಮೇಸ್ತ್ರಿ ಬಂದರು. ಹೆಗಲ ಮೇಲೆ ಪೈಪಿನ ಸುರುಳಿ. ಕಲ್ಲಿನಿಂದ ಮಗಳ ಹೊಸಿಲವರೆಗೆ ತಾವೇ ಮಟ್ಟ ಹಿಡಿದು ನೋಡಿಯೇ ಬಂದಿದ್ದರು. ಕಚೇರಿಯವರ ಲೆಕ್ಕ ಸರಿಯಾಗಿದೆ, ಒಂದು ಗೇಣು ತಗ್ಗೇ ಎಂದರು. ಆಮೇಲೆ ಪೈಪಿನ ಸುರುಳಿಯನ್ನು ಮೇಜಿನ ಮೇಲಿಟ್ಟರು.

"ತಪ್ಪಿರೋದು ಕಲ್ಲು ಸ್ವಾಮಿ," ಎಂದರು. "ಅದನ್ನ ಮೇಲಿಟ್ಟಿದ್ದು ನಾನು."

ನೆರೆಯಾಗಿ ಹತ್ತು ವರ್ಷಕ್ಕೆ ಆ ಗೋಡೆ ಕುಸಿದಿತ್ತು. ಹೊಸದಾಗಿ ಕಟ್ಟುವ ಕೆಲಸ ಇವರದು. ಕಲ್ಲು ಮೊದಲಿದ್ದದ್ದು ನಾಲ್ಕಡಿಯಲ್ಲಿ. ಅಲ್ಲಿ ಜನ ಬೆನ್ನು ಕೊಟ್ಟು ನಿಲ್ಲುತ್ತಿದ್ದರು, ಸೈಕಲ್ಲು ಒರಗಿಸುತ್ತಿದ್ದರು, ಎಮ್ಮೆಗಳು ಮೈ ಉಜ್ಜುತ್ತಿದ್ದವು. ಅಕ್ಷರ ಅರ್ಧ ಸವೆದಿತ್ತು. ಊರಿಗೆ ಊರೇ ಗೌರವ ಕೊಡುವ ಕಲ್ಲಿಗೆ ಈ ಗತಿಯೇ ಎಂದು ಮೇಸ್ತ್ರಿಗೆ ಸಂಕಟವಾಗಿ, ಅಕ್ಷರವನ್ನು ಮತ್ತೆ ಕೆತ್ತಿಸಿ, ಯಾರ ಬೆನ್ನಿಗೂ ಸಿಗದಂತೆ ಮೂರಡಿ ಮೇಲೆ ಕೂರಿಸಿದರು.

"ಹಿರಿಯರ ಫೋಟೋನ ಯಾರಾದ್ರೂ ಎದೆಮಟ್ಟಕ್ಕೆ ನೇತು ಹಾಕ್ತಾರಾ?" ಎಂದು ನನ್ನನ್ನೇ ಕೇಳಿದರು.

ಆಗ ಯಾರೂ ಚಕಾರವೆತ್ತಲಿಲ್ಲ. ಕಲ್ಲು ಚೆನ್ನಾಗಿ ಕಾಣುತ್ತದೆ ಎಂದು ಹೊಗಳಿದರು. ಬರಬರುತ್ತ ಕಲ್ಲಿನ ಜೊತೆಗೆ ಜನರ ನೆನಪೂ ಮೂರಡಿ ಏರಿತು. ಎದೆಮಟ್ಟದ ನೀರಿನಲ್ಲಿ ನಡೆದು ಬಂದವರೆಲ್ಲ ಈಜಿ ಬಂದವರಾದರು.

ಈಗ ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಮೇಸ್ತ್ರಿಯ ಹೆಂಡತಿ ಎಚ್ಚರಿಸಿದ್ದರಂತೆ. ಮಟ್ಟ ತಪ್ಪಿಸಿದ ಮೇಸ್ತ್ರಿ ಅಂತ ಒಮ್ಮೆ ಹೆಸರು ಬಂದರೆ ನಾಳೆ ಹಂದಿಗೂಡು ಕಟ್ಟಲೂ ಯಾರು ಕರೆಯುತ್ತಾರೆ? ಸುಮ್ಮನಿದ್ದರೆ ಮಗಳ ಮನೆ ಹೋಗುತ್ತದೆ. ನನ್ನ ಅಭಿಪ್ರಾಯ ಕೇಳಲಿಲ್ಲ. ನನ್ನ ಅಭಿಪ್ರಾಯದಿಂದ ಆಗಬೇಕಾದ ಹಾನಿ ಹನ್ನೆರಡನೇ ಪುಟದಲ್ಲೇ ಆಗಿತ್ತಲ್ಲ.

ಕಚೇರಿಯ ಎಂಜಿನಿಯರ್ ಅಹವಾಲು ಕೇಳಲು ಕಲ್ಲಿನ ಬಳಿಗೇ ಬಂದರು. ಓಣಿಯವರೆಲ್ಲ ಸೇರಿದ್ದರು. ಮೇಸ್ತ್ರಿ ಮುಂದೆ ಬಂದು, ಕಲ್ಲನ್ನು ಮೂರಡಿ ಏರಿಸಿದವನು ನಾನು ಎಂದು, ಇಟ್ಟಿಗೆ ಎಷ್ಟು ಬೇಕು ಎಂದು ಹೇಳುವ ದನಿಯಲ್ಲೇ ಹೇಳಿದರು. ಮಗಳಿಗೂ ಅದೇ ಮೊದಲು ಗೊತ್ತಾದದ್ದು. ಅವಳು ಸೆರಗಿನ ತುದಿಯನ್ನು ಕಚ್ಚಿಕೊಂಡು ನಿಂತಳು.

ದಿನಸಿ ಅಂಗಡಿಯ ಯಜಮಾನರಿಗೆ ಇದನ್ನು ಸಹಿಸಲಾಗಲಿಲ್ಲ. ನೀರು ಇಲ್ಲಿಗೇ ಬಂದಿತ್ತು, ನಾನೇ ಈಜಿದ್ದೇನೆ ಎಂದು ಗೆರೆಯನ್ನು ಕೋಲಿನಿಂದ ತಟ್ಟಿದರು. ಮೇಸ್ತ್ರಿಗೆ ವಯಸ್ಸಾಗಿದೆ, ಮಟ್ಟವೂ ಹೋಯಿತು, ಮಾತೂ ಹೋಯಿತು ಎಂದು ಹಿಂದಿನಿಂದ ಯಾರೋ ಗೊಣಗಿದರು.

ನಾನು ಧೈರ್ಯ ಮಾಡಿ, ಪುಸ್ತಕ ಬರೆದವನು ನಾನೇ, ನನಗೆ ಏನೂ ಗೊತ್ತಿಲ್ಲ ಎಂದು ಲಿಖಿತವಾಗಿ ಕೊಡುತ್ತೇನೆ ಎಂದೆ. ಎಂಜಿನಿಯರ್ ಅದನ್ನು ಬರೆದುಕೊಂಡರು. ಬರೆದುಕೊಳ್ಳುವಾಗ ಸ್ವಲ್ಪವೂ ಆಶ್ಚರ್ಯಪಡಲಿಲ್ಲ.

ಆಮೇಲೆ ಅವರು ಪೆನ್ನು ಹಿಡಿದುಕೊಂಡೇ ಮೇಸ್ತ್ರಿಯ ಕಡೆ ತಿರುಗಿದರು. ಮೇಸ್ತ್ರಿ ತಲೆಯೆತ್ತಿ ಅವರ ಮುಖ ನೋಡಬೇಕಾಯಿತು. ನಲವತ್ತು ವರ್ಷದ ಹಿಂದಿನ ಮಾತು, ಕಾಗದವಿಲ್ಲ, ಪತ್ರವಿಲ್ಲ, ನೀರು ನಾಲ್ಕಡಿಗಿಂತ ಮೇಲೆ ಬರಲಿಲ್ಲ ಅಂತ ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಿದರು.

"ನಾನಿರೋದು ಐದಡಿ ಸಾರ್," ಎಂದರು ಮೇಸ್ತ್ರಿ. "ಅವತ್ತು ಹೊತ್ತು ಮುಳುಗೋವರೆಗೂ ಇಲ್ಲೇ ನೀರಲ್ಲಿ ನಿಂತಿದ್ದೆ. ಈಜು ಬರಲ್ಲ."