ಹೆಸರು ಹಿಡಿದು ಕರೆದರೆ ಮಾತ್ರ

ನನ್ನ ಹೆಂಡತಿಗೆ ಆಸ್ಪತ್ರೆಯವರೆಲ್ಲ ಸೇರಿ ಇಟ್ಟ ಹೆಸರು ಸರ್ವರಮ್ಮ. ಹೊರಗೆ ಬಿಸಿಲು ಸುಡುತ್ತಿದ್ದರೂ ಸ್ವೆಟರ್ ತೊಟ್ಟು, ಕಿಟಕಿಯಿಲ್ಲದ ತಣ್ಣನೆಯ ಕೋಣೆಯಲ್ಲಿ, ಗುಂಯ್‌ಗುಡುವ ಸರ್ವರ್ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತ ಅರ್ಧ ಆಯುಸ್ಸು ಕಳೆದವಳು. ಸಂಜೆ ಮನೆಗೆ ಬಂದರೆ ಕಿವಿ ಮಂದ. ನನ್ನದೋ ಹುಟ್ಟಿದಾಗಿನಿಂದ ದೊಡ್ಡ ಗಂಟಲು. ಜೋಡಿ ಚೆನ್ನಾಗಿತ್ತು. ಅಡುಗೆಮನೆಯಿಂದ ಅವಳು "ರೀ, ಇದ್ದೀರಾ?" ಎಂದು ಕೂಗುವುದು, ನಾನು "ಇಲ್ದೆ ಎಲ್ಲಿ ಸಾಯ್ಲಿ?" ಎಂದು ಗದರುವುದು, ಇದೇ ನಮ್ಮ ಸಂಸಾರ.

ಆಮೇಲೆ ಈ ಗಂಟಲಿಗೇ ಕ್ಯಾನ್ಸರ್ ವಕ್ಕರಿಸಿತು. ಧ್ವನಿಪೆಟ್ಟಿಗೆ ತೆಗೆಯುವ ಮೊದಲು ಅವಳ ಆಸ್ಪತ್ರೆಯಲ್ಲೇ ನನ್ನ ಮಾತು ರೆಕಾರ್ಡ್ ಮಾಡಿಕೊಂಡರು. ಗಾಯ ಒಣಗಿದ ಮೇಲೆ, ನಾನು ಟೈಪ್ ಮಾಡಿದ್ದನ್ನು ನನ್ನದೇ ದನಿಯಲ್ಲಿ ಆಡುವ ಯಂತ್ರವೊಂದು ಅದರಿಂದ ತಯಾರಾಗಬೇಕಿತ್ತು. ಅಲ್ಲಿಯವರೆಗೆ ಅವಳು ಕೂಗಿದಾಗ ಚಮಚದಿಂದ ಸ್ಟೀಲ್ ತಟ್ಟೆ ಬಡಿಯುತ್ತಿದ್ದೆ. ನನ್ನಂಥ ಹಲವರ ದನಿ ಅಲ್ಲಿತ್ತು, ಒಬ್ಬೊಬ್ಬರಿಗೂ ಒಂದು ಫೋಲ್ಡರ್. ಅವರಲ್ಲಿ ಕೆಲವರು ಆಗಲೇ ತೀರಿಹೋಗಿದ್ದರು.

ಆ ಫೋಲ್ಡರ್‌ಗಳಿದ್ದದ್ದು ಅವಳ ಕೋಣೆಯ ಯಂತ್ರದ ಡಿಸ್ಕುಗಳಲ್ಲಿ. ಅವನ್ನು ವೈದ್ಯರ ಕಂಪ್ಯೂಟರಿಗೆ ಜೋಡಿಸಿಕೊಡುವುದು ಆಟೋಮೌಂಟರ್ ಎಂಬ ಪ್ರೋಗ್ರಾಂ. ಹೆಸರು ಹಿಡಿದು ಕೇಳಿದಾಗ ಅದು ಆ ಫೋಲ್ಡರನ್ನು ತಂದು ಜೋಡಿಸುತ್ತದೆ. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ತಾನೇ ಕಳಚಿಬಿಡುತ್ತದೆ. ಮೊದಲೆಲ್ಲ ಹೆಸರುಗಳಾದರೂ ಪರದೆ ಮೇಲೆ ಕಾಣುತ್ತಿದ್ದವು. ಡಿಸ್ಕುಗಳು ಹಳತಾದ ಮೇಲೆ, ಆ ಹೆಸರುಗಳ ಪಟ್ಟಿ ತೆರೆದರೆ ಸಾಕು, ಎಲ್ಲವನ್ನೂ ಒಟ್ಟಿಗೆ ಜೋಡಿಸಲು ಹೋಗಿ ಪರದೆ ಮರಗಟ್ಟುತ್ತಿತ್ತು. ವೈದ್ಯರು ಫೋನಿನ ಮೇಲೆ ಫೋನ್ ಮಾಡಿ ಅವಳ ಜೀವ ತಿಂದರು. ರೋಸಿಹೋಗಿ ಅವಳು ಹೆಸರು ತೋರಿಸುವುದನ್ನೇ ನಿಲ್ಲಿಸಿದಳು. ಕೇಳಿದರೆ ಬರುತ್ತದೆ, ಸುಮ್ಮನೆ ಇಣುಕಿದರೆ ಖಾಲಿ. ಅದು ನನ್ನ ಆಪರೇಷನ್ನಿನ ವಾರ, ಅವಳ ತಲೆ ನೆಟ್ಟಗಿರಲಿಲ್ಲ.

ಆ ಫೋಲ್ಡರ್‌ಗಳನ್ನೆಲ್ಲ ದಿನವೂ ಪ್ರತಿ ಮಾಡಿಡುವ ಇನ್ನೊಂದು ಪ್ರೋಗ್ರಾಂ ಇತ್ತು. ಅದು ಹೆಸರು ಹಿಡಿದು ಕೇಳುವಂಥದ್ದಲ್ಲ. ಇಣುಕಿ, ಕಂಡದ್ದನ್ನು ನಕಲು ಮಾಡುತ್ತದೆ. ಮೂಲದಲ್ಲಿ ಕಾಣದ್ದನ್ನು ಪ್ರತಿಯಿಂದಲೂ ಅಳಿಸುತ್ತದೆ. ಆ ಪೆದ್ದು ಪ್ರೋಗ್ರಾಮಿಗೆ ಖಾಲಿ ಕಂಡಿತು, ಪ್ರತಿಯನ್ನೂ ಗುಡಿಸಿ ಹಾಕಿತು, ಬೆಳಿಗ್ಗೆ ಎದ್ದು ದೋಷವಿಲ್ಲ ಎಂದು ವರದಿ ಕೊಟ್ಟಿತು. ದಿನವೂ ಅದೇ ವರದಿ. ಹೊಸ ಡಿಸ್ಕುಗಳು ಬಂದಾಗ ಇವಳು ಅದನ್ನೇ ನಂಬಿದಳು. ರೋಗಿಗಳ ಗುಟ್ಟು ಹೊರಹೋಗಬಾರದೆಂಬ ನಿಯಮದಂತೆ ಹಳೆಯ ಡಿಸ್ಕುಗಳನ್ನು ತಾನೇ ಕೂತು ಪೂರ್ತಿ ಅಳಿಸಿ, ಆಮೇಲೆ ಹೊಸದಕ್ಕೆ ತುಂಬಲು ಪ್ರತಿ ತೆರೆದಳು.

ಒಬ್ಬೊಬ್ಬರ ಹೆಸರನ್ನೂ ಟೈಪ್ ಮಾಡಿ ಕರೆದಳಂತೆ, ನನ್ನದನ್ನು ಕೊನೆಗೆ. ಅಂಥ ಫೋಲ್ಡರ್ ಇಲ್ಲ ಎಂದು ಬಂತು.

ಮನೆಗೆ ಬಂದವಳು ಸ್ವೆಟರ್ ಕೂಡ ಬಿಚ್ಚದೆ ಎಲ್ಲವನ್ನೂ ಹೇಳಿದಳು. "ನನ್ನ ಕೈಯಾರೆ ಹೋಯ್ತು ರೀ. ಬಯ್ದುಬಿಡಿ."

ಯಾವ ಬಾಯಿಂದ ಬಯ್ಯಲಿ? ಫೋನಿನಲ್ಲಿ ಒಂದು ಬೈಗುಳ ಟೈಪ್ ಮಾಡಿದೆ, ಅಳಿಸಿದೆ. ಅವಳದು ಬೇಕೆಂದು ಮಾಡಿದ ತಪ್ಪಲ್ಲ, ಗೊತ್ತಿತ್ತು. ಗೊತ್ತಿದ್ದರೂ ಸಿಟ್ಟು ಇಳಿಯಲಿಲ್ಲ.

ಅವಳು ಒಳಗೆ ಹೋದಳು. ಪಾತ್ರೆಗಳ ಸದ್ದಾಯಿತು. ಅಭ್ಯಾಸಬಲದಿಂದ ಕೂಗಿದಳು, "ರೀ, ಇದ್ದೀರಾ?"

ಚಮಚ ಕೈಯಲ್ಲೇ ಇತ್ತು. ಬಡಿಯಲಿಲ್ಲ. ಮತ್ತೆ ಕೂಗಿದಳು, ದನಿ ಒಡೆದಿತ್ತು. ಆಗಲೂ ಬಡಿಯಲಿಲ್ಲ. ಅವಳನ್ನು ಬಯ್ಯಲು ನನಗೆ ಉಳಿದಿದ್ದ ದಾರಿ ಅದೊಂದೇ.

ಒದ್ದೆ ಸೌಟು ಹಿಡಿದೇ ಓಡಿ ಬಂದಳು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದೆ. ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಚಮಚ ನೋಡಿದಳು, ತಿರುಗಿ ಹೋದಳು. ಆಮೇಲೆ ಬಡಿದೆ, ತಟ್ಟೆ ತಗ್ಗಾಗುವಷ್ಟು ಬಡಿದೆ. ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಸುರಿಯುತ್ತಿತ್ತು. ಅವಳಿಗೆ ಕೇಳಿಸಿತೋ ಇಲ್ಲವೋ.

ಈಗ ಅವಳು ಕೂಗುವುದಿಲ್ಲ. ಬಾಗಿಲವರೆಗೆ ಬಂದು ಇಣುಕಿ ಹೋಗುತ್ತಾಳೆ.